ಮುಟ್ಟು ನಿಲ್ಲುವ ಕಾಲದ ತಲೆನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯಲ್ಲಿ ಸ್ತ್ರೀರೋಗ ವೈದ್ಯೆಯಾಗಿರುವ ನನ್ನ ಬಳಿ ಮುಟ್ಟಿನ ಏರುಪೇರು ಹೇಳಿಕೊಳ್ಳಲು ಬಂದ ಹೆಣ್ಣುಮಕ್ಕಳು ತಲೆನೋವಿನ ಮಾತನ್ನು ಎತ್ತುವುದು ಬಹಳ ಸಲ ಎಲ್ಲ ಮುಗಿದ ಮೇಲೆ, ಚೀಟಿ ಕೈಗೆ ತೆಗೆದುಕೊಂಡು ಬಾಗಿಲ ಕಡೆಗೆ ಹೊರಟಾಗ. "ಅಂದಂಗ, ತಲಿನೂ ಭಾಳ ನೋಯತೈತ್ರಿ" ಎಂಬ ಆ ಒಂದು ವಾಕ್ಯದ ಹಿಂದೆ ಹಲವು ವರ್ಷಗಳ ಕತ್ತಲೆ ಕೋಣೆಯೂ ಖಾಲಿಯಾದ ಬಾಮ್ ಡಬ್ಬಿಗಳೂ ಇರುತ್ತವೆ. ದವಾಖಾನೆಯ ಮಾತುಕತೆಯಲ್ಲಿ, ಸ್ತ್ರೀಶಕ್ತಿ ಸಂಘಗಳ ಸಭೆಗಳಲ್ಲಿ, ಪತ್ರ ಮತ್ತು ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ಅಪಾಯದ ಲಕ್ಷಣಗಳ ಉತ್ತರವನ್ನು ಮಾತ್ರ ಎಲ್ಲರೂ ಓದಬೇಕು.

## ಮೊದಲ ಪ್ರಶ್ನೆಗಳು

ಮುಟ್ಟು ನಿಲ್ಲೂ ಹೊತ್ತಿನ್ಯಾಗ ತಲಿನೋವು ಯಾಕ ಹೆಚ್ಚಾಗತೈತ್ರೀ?

ಅಂಡಾಶಯಗಳು ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ತಿಂಗಳಿಗೊಂದು ಲಯದಲ್ಲಿ ಸ್ರವಿಸುತ್ತವೆ. ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷಗಳಲ್ಲಿ ಈ ಲಯ ತಪ್ಪುತ್ತದೆ. ಈಸ್ಟ್ರೊಜೆನ್ ಒಂದೇ ಸಮನೆ ಕಡಿಮೆಯಾಗುತ್ತ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ಒಂದು ತಿಂಗಳು ವಾಡಿಕೆಗಿಂತ ಮೇಲಕ್ಕೇರಿ ಮುಂದಿನ ತಿಂಗಳು ದಿಢೀರನೆ ಕುಸಿಯುತ್ತದೆ. ಬೇಸಿಗೆಯಲ್ಲಿ ನಮ್ಮೂರ ನಳಕ್ಕೆ ನೀರು ಬರುವ ರೀತಿಯೇ ಇದು, ಒಂದು ದಿನ ರಭಸ, ಮರುದಿನ ಬರೀ ಗಾಳಿ. ಮೈಗ್ರೇನ್, ಅಂದರೆ ಅರೆದಲೆಶೂಲೆ, ಬರುವ ಪ್ರವೃತ್ತಿಯಿರುವ ಮಿದುಳಿಗೆ ಕಡಿಮೆ ಈಸ್ಟ್ರೊಜೆನ್‌ಗಿಂತ ಈ ಕುಸಿತವೇ ಹೆಚ್ಚು ಕಾಡುತ್ತದೆ. ಮುಟ್ಟಿಗೆ ಎರಡು ದಿನ ಮೊದಲು ಶುರುವಾಗಿ ಮುಟ್ಟಿನ ಮೂರನೆಯ ದಿನದೊಳಗೆ ಬರುವ ತಲೆನೋವಿಗೂ ಇದೇ ಕಾರಣವಾದ್ದರಿಂದ, ಹರೆಯದಲ್ಲಿ ಮುಟ್ಟಿನೊಡನೆ ತಲೆನೋವು ಅನುಭವಿಸಿದವರಿಗೆ ಈ ಕಾಲದಲ್ಲಿ ಅದು ಜೋರಾಗುವ ಸಂಭವ ಹೆಚ್ಚು.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರು ನಗರ ಮತ್ತು ಗ್ರಾಮೀಣ ಭಾಗದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದೊಳಗೆ ಮೈಗ್ರೇನ್ ಅನುಭವಿಸಿದವರು ನಾಲ್ವರಲ್ಲಿ ಒಬ್ಬರಷ್ಟಿದ್ದರು. ಜಗತ್ತಿನಾದ್ಯಂತ ಗಂಡಸರಿಗಿಂತ ಹೆಂಗಸರಲ್ಲಿ ಮೈಗ್ರೇನ್ ಎರಡರಿಂದ ಮೂರು ಪಟ್ಟು ಹೆಚ್ಚು.

ನನಗಿನ್ನೂ 42. ಮುಟ್ಟು ಬರಾಕತ್ತಾವು. ನನ್ನ ತಲಿನೋವಿಗೂ ಅದಕ್ಕೂ ಏನ್ ಸಂಬಂಧ?

ಸಂಬಂಧ ಇರಬಹುದು. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತೇವೆ. ಭಾರತದ ಹೆಂಗಸರಲ್ಲಿ ಇದರ ಸರಾಸರಿ ವಯಸ್ಸು ಸುಮಾರು 46ರಿಂದ 47. ಪಾಶ್ಚಾತ್ಯ ದೇಶಗಳಲ್ಲಿ 51ರ ಆಸುಪಾಸು. ಆದರೆ ಹಾರ್ಮೋನುಗಳ ಏರಿಳಿತ ಅದಕ್ಕೂ ನಾಲ್ಕಾರು ವರ್ಷ ಮೊದಲೇ ಶುರುವಾಗುವುದರಿಂದ, ಮುಟ್ಟು ಬರುತ್ತಿರುವಾಗಲೇ ತಲೆನೋವು ಹೆಚ್ಚಾಗುವುದು ಸಹಜ. 28 ದಿನದ ಮುಟ್ಟು 22ಕ್ಕೆ ಬರುವುದು ಅಥವಾ 45ಕ್ಕೆ ಹೋಗುವುದು, ರಾತ್ರಿ ಮೈ ಕಾದು ಬೆವರುವುದು, ನಿದ್ದೆ ಮುರಿಯುವುದು ಜೊತೆಗಿದ್ದರೆ ಅನುಮಾನ ಬಲವಾಗುತ್ತದೆ. 45 ದಾಟಿದವರಿಗೆ ಇದನ್ನು ಖಚಿತಪಡಿಸಲು ಹಾರ್ಮೋನ್ ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ದಿನದಿನಕ್ಕೆ ಬದಲಾಗುವ ಮಟ್ಟವನ್ನು ಒಂದು ದಿನ ಅಳೆದು ಏನನ್ನೂ ನಿರ್ಧರಿಸಲಾಗದು. 40ರೊಳಗೆ ಮುಟ್ಟು ನಿಂತರೆ ಮಾತ್ರ ಪರೀಕ್ಷೆ ಮಾಡಿಸಲೇಬೇಕು.

ವಾಂತಿ ಆದಮ್ಯಾಲ ತಲಿ ಹಗುರ ಆಗತೈತಿ. ನಮ್ಮತ್ತಿ ಪಿತ್ತ ಅಂತಾರ, ನೀವು ಮೈಗ್ರೇನ್ ಅಂತೀರಿ. ಖರೇ ಯಾವುದ್ರೀ?

ಅತ್ತೆಯವರು ಕಂಡದ್ದು ಸುಳ್ಳಲ್ಲ. ಅದಕ್ಕೆ ಕೊಟ್ಟ ಕಾರಣ ಬೇರೆ, ಅಷ್ಟೇ. ಮೈಗ್ರೇನ್ ಬಂದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ, ತಿಂದದ್ದು ಅಲ್ಲೇ ನಿಲ್ಲುತ್ತದೆ, ಓಕರಿಕೆ ಬರುತ್ತದೆ, ಕೊನೆಗೆ ಹಳದಿ ನೀರು ಕಕ್ಕುತ್ತಾರೆ. ಹೊಟ್ಟೆಯಿಂದ ತಲೆಗೆ ಏರಿದಂತೆ ಕಾಣುವ ಈ ಕಾಯಿಲೆ ಹುಟ್ಟುವುದು ಮಿದುಳಿನಲ್ಲಿ. ನೋವಿನ ಗುಳಿಗೆ ನುಂಗಿದರೂ ಕೆಲವೊಮ್ಮೆ ನಾಟದಿರುವುದಕ್ಕೂ ಇದೇ ಕಾರಣ. ಗುಳಿಗೆ ಹೊಟ್ಟೆಯಲ್ಲೇ ಉಳಿದಿರುತ್ತದೆ. ಅದಕ್ಕಾಗಿಯೇ ವೈದ್ಯರು ವಾಂತಿ ತಡೆಯುವ ಗುಳಿಗೆಯನ್ನೂ ಜೊತೆಗೆ ಬರೆಯುತ್ತಾರೆ.

ಮೈಗ್ರೇನ್ ಗುರುತಿಸುವುದು ಕಷ್ಟವಲ್ಲ. ಬಹುಮಟ್ಟಿಗೆ ತಲೆಯ ಒಂದು ಬದಿ ನಾಡಿ ಬಡಿದಂತೆ ಸಿಡಿಯುತ್ತದೆ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲ, ಮೆಟ್ಟಿಲು ಹತ್ತಿದರೆ ನೋವು ಹೆಚ್ಚುತ್ತದೆ, ಮದ್ದಿಲ್ಲದಿದ್ದರೆ 4ರಿಂದ 72 ಗಂಟೆ ಇರುತ್ತದೆ. ನಮ್ಮ ಕಡೆ ಅರೆದಲೆಶೂಲೆ ಎನ್ನುವುದು ಇದನ್ನೇ. ತಲೆಯ ಸುತ್ತ ಪಟ್ಟಿ ಬಿಗಿದಂತೆ ಎರಡೂ ಬದಿ ಒತ್ತುವ, ಆದರೆ ಕೆಲಸ ನಿಲ್ಲಿಸದ ನೋವು ಬಿಗಿತದ ತಲೆನೋವು. ಒಬ್ಬರಿಗೇ ಎರಡೂ ಇರಬಹುದು, ಮತ್ತು ಈ ವಯಸ್ಸಿನಲ್ಲಿ ಹಾಗಿರುವವರೇ ನನಗೆ ಹೆಚ್ಚು ಸಿಗುತ್ತಾರೆ.

ಮುಟ್ಟು ಪೂರ್ತಿ ನಿಂತ ಮೇಲೆ ತಲೆನೋವೂ ನಿಂತುಬಿಡುತ್ತದೆಯೇ?

ಸಹಜವಾಗಿ ಮುಟ್ಟು ನಿಂತ ಬಹಳಷ್ಟು ಹೆಂಗಸರಲ್ಲಿ ಮೈಗ್ರೇನ್ ತಗ್ಗುತ್ತದೆ, ಏಕೆಂದರೆ ಈಸ್ಟ್ರೊಜೆನ್ ಆಗ ಕಡಿಮೆಯಾದರೂ ಏರಿಳಿತವಿಲ್ಲದೆ ನಿಲ್ಲುತ್ತದೆ. ಆದರೆ ಮುಟ್ಟು ನಿಂತ ಮರುದಿನವೇ ಇದಾಗುವುದಿಲ್ಲ. ಒಂದೆರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಬಿಗಿತದ ತಲೆನೋವು ಹಾರ್ಮೋನಿಗೆ ಅಷ್ಟಾಗಿ ಅಂಟಿಕೊಂಡಿಲ್ಲದ ಕಾರಣ ಮುಂದುವರಿಯಬಹುದು. "ಇನ್ನೇನು ನಾಲ್ಕು ವರ್ಷ, ತಡಕೋ" ಎಂದು ಸಮಾಧಾನ ಹೇಳುವವರಿಗೆ ನಾನು ಕೇಳುವುದಿಷ್ಟೇ, ತಿಂಗಳಿಗೆ ಆರು ದಿನ ಮಲಗಿದರೆ ನಾಲ್ಕು ವರ್ಷಕ್ಕೆ ಎಷ್ಟು ದಿನವಾಯಿತು?

## ಮನೆ, ಹೊಲ, ಮಗ್ಗ

ಏನ್ ಬರದಿಡಬೇಕು? ನನಗ ಡೈರಿ ಬರಿಯೂ ರೂಢಿ ಇಲ್ಲ.

ಡೈರಿ ಬೇಡ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು; ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಸಂಘದ ಕಂತು ಬರೆಯುವುದೂ ಅಲ್ಲೇ ತಾನೆ. ಮುಟ್ಟಾದ ದಿನಕ್ಕೆ ಒಂದು ಸುತ್ತು, ತಲೆನೋವಿನ ದಿನಕ್ಕೆ ಒಂದು ಗೀಟು, ಕೆಲಸ ಬಿಟ್ಟು ಮಲಗುವಷ್ಟು ನೋವಿದ್ದರೆ ಎರಡು ಗೀಟು, ಗುಳಿಗೆ ನುಂಗಿದ್ದರೆ ಒಂದು ಚುಕ್ಕಿ. ಉಪವಾಸ, ಜಾಗರಣೆ, ಪ್ರಯಾಣ ಇದ್ದರೆ ಒಂದು ಶಬ್ದದಲ್ಲಿ ಬರೆದರಾಯಿತು. ಅಕ್ಷರ ಬರದವರೂ ಇದನ್ನು ಮಾಡಬಲ್ಲರು.

ಮೂರು ತಿಂಗಳ ಹಾಳೆಗಳನ್ನು ಎದುರಿಗೆ ಹರಡಿಕೊಂಡಾಗ ನನಗೆ ತಿಳಿಯುವಷ್ಟು ಸಂಗತಿ ಯಾವ ರಕ್ತಪರೀಕ್ಷೆಯಿಂದಲೂ ತಿಳಿಯುವುದಿಲ್ಲ. ಸುತ್ತಿನ ಹತ್ತಿರ ಗೀಟುಗಳು ಗುಂಪಾಗಿದ್ದರೆ ಹಾರ್ಮೋನ್, ಸೋಮವಾರಗಳಲ್ಲಿದ್ದರೆ ಉಪವಾಸ, ಗೀಟಿಗಿಂತ ಚುಕ್ಕಿಯೇ ಹೆಚ್ಚಿದ್ದರೆ ಗುಳಿಗೆಯೇ ನೋವಿಗೆ ಕಾರಣವಾಗಿರಬಹುದು. ಮುಂದಿನ ಉತ್ತರಗಳಲ್ಲಿ ಕ್ಯಾಲೆಂಡರ್ ಎಂದಾಗಲೆಲ್ಲ ಈ ಗೀಟುಗಳ ಹಾಳೆ ಎಂದು ತಿಳಿಯಿರಿ.

ಶ್ರಾವಣ ಸೋಮವಾರ, ಸಂಕಷ್ಟಿ, ಏಕಾದಶಿ ಎಲ್ಲಾ ಹಿಡಿತೀನಿ. ಬಿಡಬೇಕೇನ್ರೀ?

ಹಸಿವು ಮೈಗ್ರೇನನ್ನು ಎಬ್ಬಿಸುವ ಬಲವಾದ ಕಾರಣಗಳಲ್ಲೊಂದು, ಮತ್ತು ಋತುಬಂಧದ ಕಾಲದಲ್ಲಿ 30ರ ವಯಸ್ಸಿನಲ್ಲಿ ತಡೆದುಕೊಂಡಷ್ಟು ಹಸಿವನ್ನು ತಲೆ ತಡೆದುಕೊಳ್ಳುವುದಿಲ್ಲ. ಉಪವಾಸ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ; ನೀರೂ ಕುಡಿಯದ ಉಪವಾಸ ಬೇಡ ಎನ್ನುತ್ತೇನೆ. ಹಾಲು, ಹಣ್ಣು, ಶೇಂಗಾ, ಮಜ್ಜಿಗೆಯನ್ನು ಮೂರು ನಾಲ್ಕು ತಾಸಿಗೊಮ್ಮೆ ತೆಗೆದುಕೊಂಡರೆ ಬಹಳ ಜನರ ನೋವು ತಪ್ಪುತ್ತದೆ. ರೋಜಾ ಇರುವ ತಾಯಂದಿರು ಸಹರಿಯನ್ನು ತಪ್ಪಿಸದೆ, ಇಫ್ತಾರಿನಿಂದ ಮಲಗುವವರೆಗೆ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ದಿನಾ ಗುಳಿಗೆ ನುಂಗುವವರು ಹೊತ್ತನ್ನು ಬದಲಿಸಿಕೊಳ್ಳಲು ವೈದ್ಯರನ್ನು ಮೊದಲೇ ಕೇಳಬೇಕು.

ವ್ರತದ ಉಪವಾಸಕ್ಕಿಂತ ಹೆಚ್ಚು ಕಾಡುವುದು ಯಾರೂ ಲೆಕ್ಕಕ್ಕೆ ಹಿಡಿಯದ ದಿನನಿತ್ಯದ ಉಪವಾಸ. ಬೆಳಗಿನ ಐದಕ್ಕೆ ಎದ್ದು, ಒಂದು ಕಪ್ ಚಹಾ ಕುಡಿದು, ಎಲ್ಲರಿಗೂ ರೊಟ್ಟಿ ಬಡಿದು ಬುತ್ತಿ ಕಟ್ಟಿ ಕಳಿಸಿ, ತಾನು ಊಟಕ್ಕೆ ಕೂರುವಾಗ ಹನ್ನೊಂದೂವರೆಯಾಗಿರುತ್ತದೆ. ರಾತ್ರಿ ಒಂಬತ್ತರ ಊಟದಿಂದ ಎಣಿಸಿದರೆ ಹದಿನಾಲ್ಕೂವರೆ ತಾಸು. ಮೊದಲ ರೊಟ್ಟಿ ಕಾವಲಿಯಿಂದ ಇಳಿದಾಗಲೇ ಅದರಲ್ಲಿ ಅರ್ಧ ಮುರಿದು ಚಟ್ನಿಪುಡಿ ಹಚ್ಚಿಕೊಂಡು ತಿನ್ನಿ ಎಂಬುದು ನಾನು ಬರೆಯುವ ಅತಿ ಅಗ್ಗದ ಔಷಧ. ಹೊರರೋಗಿ ವಿಭಾಗದ ಅವಸರದಲ್ಲಿ ಬರಿ ಹೊಟ್ಟೆಯಲ್ಲಿ ಮಧ್ಯಾಹ್ನ ಮಾಡಿಕೊಂಡು, ತಲೆ ಹಿಡಿದುಕೊಂಡೇ ಇದನ್ನು ಹೇಳಿದ ದಿನಗಳು ನನ್ನವೂ ಇವೆ.

ಬಿಸಲಾಗ ಹೋದ್ರ ಸಾಕು, ಶುರು. ಹೊಲದ ಕೆಲಸ ಬಿಡಾಕ ಆಗೂದಿಲ್ಲ.

ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ; ಬೆಳಗಾವಿಯವರಿಗೆ ಎತ್ತರದ ತಂಪು ಸ್ವಲ್ಪ ಕೈ ಹಿಡಿದಿದೆ. ಮೈ ಕಾಯುವಿಕೆಯೂ ರಾತ್ರಿಯ ಬೆವರೂ ಇರುವ ಹೆಂಗಸಿಗೆ ನೀರು ಮೊದಲೇ ಕಡಿಮೆಯಾಗಿರುತ್ತದೆ, ಅದರ ಮೇಲೆ ಈ ಬಿಸಿಲು. ದಾಹವಾಗುವ ಮುನ್ನವೇ ನೀರು ಕುಡಿಯುವುದು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿಯನ್ನು ಹೊಲಕ್ಕೆ ಒಯ್ಯುವುದು, ಭಾರವಾದ ಕೆಲಸವನ್ನು ಹನ್ನೊಂದರೊಳಗೆ ಮುಗಿಸುವುದು, ಸೆರಗಿನ ಕೆಳಗೆ ಒದ್ದೆ ಬಟ್ಟೆ ಹಾಕಿಕೊಳ್ಳುವುದು ನೆರವಾಗುತ್ತವೆ. ಬಯಲಲ್ಲಿ ಮೂತ್ರಕ್ಕೆ ಹೋಗಲು ಮರೆಯಿಲ್ಲವೆಂದು ನೀರು ಕುಡಿಯದೆ ಇರುವವರನ್ನು ನಾನು ಬಲ್ಲೆ, ಅದಕ್ಕೆ ನನ್ನಲ್ಲಿ ಗುಳಿಗೆಯಿಲ್ಲ.

ಚಹಾ ಕುಡಿದ್ರ ಕಡಿಮಿ ಆಗತೈತಿ. ಹಂಗಾದ್ರ ಚಹಾ ಚಲೋ ಅಲ್ಲೇನ್ರೀ?

ಚಹಾದ ಕೆಫೀನ್ ನೋವನ್ನು ತುಸು ತಗ್ಗಿಸುವುದು ನಿಜ. ಸ್ಯಾರಿಡಾನ್‌ನಂಥ ಅಂಗಡಿ ಗುಳಿಗೆಯಲ್ಲೂ ಅದು ಸೇರಿದೆ. ತೊಂದರೆ ಮರುದಿನದ್ದು. ದಿನಕ್ಕೆ ಆರೇಳು ಕಪ್ ರೂಢಿಯಾದ ಮೇಲೆ ಒಂದು ದಿನ ಚಹಾ ತಪ್ಪಿದರೆ ಅದಕ್ಕೇ ತಲೆ ಹಿಡಿಯುತ್ತದೆ. ಚಹಾವನ್ನೂ ಬಿಡುವ ಉಪವಾಸದ ದಿನ ಸಂಜೆಯ ತಲೆನೋವಿನಲ್ಲಿ ಹಸಿವಿನಷ್ಟೇ ಪಾಲು ಇದಕ್ಕಿರಬಹುದು. ದಿನಾ ಒಂದೇ ಹೊತ್ತಿಗೆ ಎರಡು ಕಪ್, ಸಂಜೆ ಐದರ ನಂತರ ಬೇಡ. ಈಗ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸದೆ ವಾರಕ್ಕೊಂದು ಕಪ್‌ನಂತೆ ಇಳಿಸಬೇಕು.

ರಾತ್ರಿ ನಿದ್ದಿ ಇಲ್ಲ, ಮುಂಜಾನೆ ಏಳೂಕಿನ ತಲಿ ಭಾರ.

ಕಾರಣ ಎರಡು ಇರಬಹುದು. ಮೈ ಕಾದು, ಬೆವರಿ, ಎರಡು ಮೂರು ಸಲ ಎಚ್ಚರವಾಗಿ ನಿದ್ದೆ ಕೆಟ್ಟಿದ್ದರೆ ಋತುಬಂಧದ ಬಿಸಿಗೇ ಚಿಕಿತ್ಸೆ ಬೇಕು. ಅದು ತಗ್ಗಿದರೆ ತಲೆನೋವೂ ತಗ್ಗುತ್ತದೆ. ಇನ್ನೊಂದನ್ನು ಮನೆಯವರು ಹೇಳಬೇಕು. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿದಂತಾಗಿ, ಬೆಳಿಗ್ಗೆ ತಲೆಯ ಎರಡೂ ಬದಿ ಒತ್ತಿ, ಒಂದೆರಡು ತಾಸಿನಲ್ಲಿ ನೋವು ತಾನೇ ಇಳಿಯುವುದಾದರೆ ಅದು ನಿದ್ದೆಯಲ್ಲಿ ಉಸಿರು ತಡೆಯುವ ಕಾಯಿಲೆ ಇರಬಹುದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚಾಗುತ್ತದೆ. ಗೊರಕೆ ಗಂಡಸರದ್ದು ಎಂಬ ಸಂಕೋಚಕ್ಕೆ ಇದನ್ನು ಹೇಳದೆ ಬಿಡುವವರೇ ಬಹಳ.

ಕಂಡಿಕಿ ಸುತ್ತತೀನಿ, ಕುತ್ತಿಗಿ ಹಿಡಿತೈತಿ. ಸ್ಪಾಂಡಿಲೈಟಿಸ್ ಅಂದ್ರು.

ನೇಕಾರಿಕೆಯ ಊರುಗಳಾದ ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳಿಂದ ಬರುವ, ಮಗ್ಗದ ಕಂಡಿಕೆಗೆ ನೂಲು ಸುತ್ತುವವರಲ್ಲಿ ಈ ಮಾತು ಸಾಮಾನ್ಯ. ತಾಸುಗಟ್ಟಲೆ ಕತ್ತು ಬಗ್ಗಿಸಿ ಕೂರುವುದರಿಂದ ಬಿಗಿತದ ತಲೆನೋವು ಬರುತ್ತದೆ. ಅರ್ಧ ತಾಸಿಗೊಮ್ಮೆ ಎದ್ದು ಹೆಗಲು ತಿರುಗಿಸಿದರೆ ಗುಣ ಕಾಣುತ್ತದೆ. ಆದರೆ 45 ದಾಟಿದ ಬಹಳ ಜನರ ಕತ್ತಿನ ಎಕ್ಸ್‌ರೇಯಲ್ಲಿ ಸವೆತ ಕಾಣುವುದರಿಂದ, ಅದನ್ನು ನೋಡಿ ಎಲ್ಲ ತಲೆನೋವಿಗೂ ಸ್ಪಾಂಡಿಲೈಟಿಸ್ ಎಂದು ಪಟ್ಟಿ ಕಟ್ಟುವುದು ಸರಿಯಲ್ಲ. ಮೈಗ್ರೇನಿನಲ್ಲೂ ಕತ್ತು ಹಿಡಿಯುತ್ತದೆ. 40ರ ನಂತರ ಹತ್ತಿರದ ದೃಷ್ಟಿ ಮಂದವಾಗುವುದರಿಂದ ಎಳೆ ಕಾಣದೆ ಕಣ್ಣು ಕಿರಿದುಗೊಳಿಸಿ ಕೆಲಸ ಮಾಡುವವರು ಚಾಳೀಸು ಮಾಡಿಸಿಕೊಳ್ಳಬೇಕು.

## ಗುಳಿಗೆಗಳ ವಿಷಯ

ತಲಿ ನೋಯ್ದಾಗ ಯಾವ ಗುಳಿಗಿ ತಗೋಬೇಕು?

ಸಾಮಾನ್ಯ ನೋವಿಗೆ ಪ್ಯಾರಸಿಟಮಾಲ್ 500ರಿಂದ 1000 ಮಿಲಿಗ್ರಾಂ, ಊಟದ ನಂತರವಾದರೆ ಐಬುಪ್ರೊಫೆನ್ 400 ಮಿಲಿಗ್ರಾಂ. ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು ಐಬುಪ್ರೊಫೆನ್ ಗುಂಪಿನ ಗುಳಿಗೆಗಳಿಂದ ದೂರವಿರಬೇಕು. ಬಿಪಿ ಇರುವವರು ವೈದ್ಯರನ್ನು ಕೇಳಬೇಕು. ಪ್ಯಾರಸಿಟಮಾಲನ್ನು ವೈದ್ಯರು ಹೇಳದೆ ದಿನಕ್ಕೆ 3000 ಮಿಲಿಗ್ರಾಂ ಮೀರಿಸಬಾರದು. ಮುಖ್ಯವಾದದ್ದು ಹೊತ್ತು. ನೋವು ಶುರುವಾದಾಗಲೇ ನುಂಗಿದ ಗುಳಿಗೆ, ತಡೆಯಲಾರದಾದಾಗ ನುಂಗಿದ ಎರಡಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಇವು ನಾಟದ ಮೈಗ್ರೇನ್‌ಗೆ ಸುಮಾಟ್ರಿಪ್ಟಾನ್, ರಿಝಾಟ್ರಿಪ್ಟಾನ್ ಎಂಬ ಟ್ರಿಪ್ಟಾನ್ ಗುಂಪಿನ ಔಷಧಗಳಿವೆ. ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ, ಹತೋಟಿಗೆ ಬಾರದ ಬಿಪಿ ಇರುವವರಿಗೆ ಅವು ಸಲ್ಲವು. 50ರ ಹೊತ್ತಿಗೆ ಸಕ್ಕರೆ ಕಾಯಿಲೆ, ಬಿಪಿ ಸೇರಿಕೊಂಡವರು ಹೃದಯ ಪರೀಕ್ಷಿಸಿಕೊಂಡೇ ತೆಗೆದುಕೊಳ್ಳಬೇಕು. ಎರ್ಗೋಟಮೈನ್ ಇರುವ ಹಳೆಯ ಅರೆದಲೆ ಗುಳಿಗೆ ನುಂಗಿದ 24 ತಾಸಿನೊಳಗೆ ಇವನ್ನು ನುಂಗಬಾರದು, ಎರಡೂ ರಕ್ತನಾಳವನ್ನು ಕುಗ್ಗಿಸುತ್ತವೆ.

ದಿನಾ ಒಂದ್ ಗುಳಿಗಿ ಇಲ್ದ ನಡಿಯೂದಿಲ್ಲ. ಅದೂ ಈಗ ಹತ್ತವಲ್ದು.

ಇದೇ ನನಗೆ ಅತಿ ಹೆಚ್ಚು ಸಿಟ್ಟು ಮತ್ತು ಮರುಕ ತರಿಸುವ ತಲೆನೋವು, ಏಕೆಂದರೆ ಇದನ್ನು ತಂದುಕೊಂಡವರು ತಪ್ಪು ಮಾಡಿರುವುದಿಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ಮೂರು ತಿಂಗಳಿಗೂ ಮಿಕ್ಕಿ, ತಿಂಗಳಿಗೆ 15 ಅಥವಾ ಹೆಚ್ಚು ದಿನ ಸಾದಾ ನೋವಿನ ಗುಳಿಗೆ, ಇಲ್ಲವೆ 10 ಅಥವಾ ಹೆಚ್ಚು ದಿನ ಟ್ರಿಪ್ಟಾನ್, ಎರ್ಗೋಟಮೈನ್ ಅಥವಾ ಎರಡು ಮೂರು ಔಷಧ ಸೇರಿಸಿದ ಮಿಶ್ರ ಗುಳಿಗೆ ನುಂಗಿದರೆ, ಆ ಗುಳಿಗೆಯೇ ತಲೆನೋವನ್ನು ಬೇರೂರಿಸುತ್ತದೆ. ಬೆಳಿಗ್ಗೆ ತಲೆ ಭಾರ, ಗುಳಿಗೆ, ಎರಡು ತಾಸು ನೆಮ್ಮದಿ, ಮತ್ತೆ ಭಾರ. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಗುಳಿಗೆ ನುಂಗುವವರಲ್ಲಿ ಇದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಬಿಡಿಸುವುದಕ್ಕೆ ದಾರಿಯಿದೆ. ಸಾದಾ ಗುಳಿಗೆಗಳನ್ನು ಸಾಮಾನ್ಯವಾಗಿ ಒಮ್ಮೆಲೇ ನಿಲ್ಲಿಸಬಹುದು. ಮೊದಲ ವಾರ, ಹತ್ತು ದಿನ ನೋವು ಹೆಚ್ಚುತ್ತದೆಂಬುದನ್ನು ಮನೆಯವರಿಗೆ ತಿಳಿಸಿ, ಮದುವೆ ಜಾತ್ರೆಗಳಿಲ್ಲದ ಹೊತ್ತು ನೋಡಿ ಶುರುಮಾಡಬೇಕು. ಅದರ ಜೊತೆಗೆ ವೈದ್ಯರು ತಲೆನೋವು ತಡೆಯುವ ದಿನನಿತ್ಯದ ಔಷಧವನ್ನು ಆರಂಭಿಸುತ್ತಾರೆ. ನಿದ್ದೆ ಮಾತ್ರೆ, ಕೊಡೀನ್ ಅಥವಾ ಟ್ರಮಡಾಲ್ ಇರುವ ಗುಳಿಗೆ ರೂಢಿಯಾಗಿದ್ದರೆ ತಾವಾಗಿ ನಿಲ್ಲಿಸಬೇಡಿ. ಗುಳಿಗೆಯ ರೂಢಿ ಬಿಟ್ಟ ನಂತರ, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಚುಕ್ಕಿ ಕ್ಯಾಲೆಂಡರಿನಲ್ಲಿ ಬೀಳಬಾರದು.

ತಡೆಯುವ ಔಷಧ ಎಂದರೆ ಜೀವನವಿಡೀ ನುಂಗಬೇಕೇ?

ಇಲ್ಲ. ತಿಂಗಳಿಗೆ ನಾಲ್ಕು ಅಥವಾ ಹೆಚ್ಚು ದಿನ ಕೆಲಸ ಕೆಡಿಸುವ ಮೈಗ್ರೇನ್ ಇದ್ದರೆ ಈ ಔಷಧ ಯೋಚಿಸುತ್ತೇವೆ, ಎಂಟರಿಂದ ಹನ್ನೆರಡು ವಾರ ಪರಿಣಾಮ ನೋಡುತ್ತೇವೆ, ಗುಣವಾದರೆ ಆರು ತಿಂಗಳಿಂದ ಒಂದು ವರ್ಷದ ನಂತರ ನಿಧಾನವಾಗಿ ಇಳಿಸುತ್ತೇವೆ. ಎರಡು ವಾರ ನುಂಗಿ ಗುಣವಿಲ್ಲವೆಂದು ಬಿಟ್ಟವರು ಔಷಧಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ಯಾವುದನ್ನು ಆರಿಸಬೇಕೆಂಬುದು ಜೊತೆಗಿರುವ ತೊಂದರೆಗಳ ಮೇಲೆ ನಿಂತಿದೆ. ಬಿಪಿ ಇದ್ದರೆ ಪ್ರೊಪ್ರನಲಾಲ್ ಅಥವಾ ಕ್ಯಾಂಡಿಸಾರ್ಟನ್, ಆದರೆ ದಮ್ಮು ಇರುವವರಿಗೆ ಪ್ರೊಪ್ರನಲಾಲ್ ಬೇಡ. ನಿದ್ದೆ ಇಲ್ಲದವರಿಗೆ ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲೀನ್. ಬಾಯಿ ಒಣಗುತ್ತದೆ, ತೂಕ ಏರಬಹುದು. ಮೈ ಕಾಯುವಿಕೆಯೂ ಇದ್ದು ಹಾರ್ಮೋನ್ ಬೇಡವೆಂದರೆ ವೆನ್ಲಾಫ್ಯಾಕ್ಸಿನ್ ಎರಡಕ್ಕೂ ಆಗುತ್ತದೆ. ನಮ್ಮಲ್ಲಿ ಬಹಳ ಬರೆಯುವ ಫ್ಲುನಾರಿಝಿನ್ ತೂಕ ಹೆಚ್ಚಿಸುತ್ತದೆ, ಮನಸ್ಸನ್ನು ಕುಗ್ಗಿಸಬಹುದು. ಖಿನ್ನತೆ ಇದ್ದವರು ಮೊದಲೇ ಹೇಳಬೇಕು. ಇವುಗಳಲ್ಲಿ ಬಹುತೇಕ ಔಷಧಗಳು ಹಳೆಯವು, ದುಬಾರಿಯಲ್ಲ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

## ಗರ್ಭಚೀಲ ಮತ್ತು ಹಾರ್ಮೋನ್

ಗರ್ಭಚೀಲ ತಗಿಸಿಬಿಟ್ರ ಮುಟ್ಟೂ ಇಲ್ಲ, ತಲಿನೋವೂ ಇಲ್ಲ ಅಂತಾರ. ತಗಿಸ್ಲೇನು?

ತಲೆನೋವಿಗಾಗಿ ಗರ್ಭಚೀಲ ತೆಗೆಸಬೇಡಿ. ಇಷ್ಟು ಖಡಾಖಂಡಿತವಾಗಿ ಈ ಪುಟದಲ್ಲಿ ಬೇರೇನನ್ನೂ ನಾನು ಹೇಳುತ್ತಿಲ್ಲ.

ಹಾರ್ಮೋನ್ ಹುಟ್ಟುವುದು ಗರ್ಭಚೀಲದಲ್ಲಲ್ಲ, ಅಂಡಾಶಯಗಳಲ್ಲಿ. ಚೀಲವನ್ನು ಮಾತ್ರ ತೆಗೆದರೆ ರಕ್ತ ಹೋಗುವುದು ನಿಲ್ಲುತ್ತದೆಯೇ ಹೊರತು ಏರಿಳಿತ ನಿಲ್ಲುವುದಿಲ್ಲ. ತಲೆನೋವು ಮೊದಲಿನಂತೆಯೇ ಬರುತ್ತದೆ, ಮುಟ್ಟಿನ ಗುರುತೇ ಇಲ್ಲದ ಕಾರಣ ಯಾವಾಗ ಬರುತ್ತದೆಂದು ತಿಳಿಯುವುದೂ ಕಷ್ಟವಾಗುತ್ತದೆ. ಅಂಡಾಶಯಗಳನ್ನೂ ಸೇರಿಸಿ ತೆಗೆದರೆ ವರ್ಷಗಟ್ಟಲೆ ನಿಧಾನವಾಗಿ ಇಳಿಯಬೇಕಾದ ಈಸ್ಟ್ರೊಜೆನ್ ಕೆಲವೇ ದಿನಗಳಲ್ಲಿ ಪಾತಾಳಕ್ಕೆ ಬೀಳುತ್ತದೆ, ಮತ್ತು ಸಹಜ ಋತುಬಂಧದಲ್ಲಿ ಬಹಳ ಜನರ ಮೈಗ್ರೇನ್ ತಗ್ಗಿದರೆ ಈ ರೀತಿಯಲ್ಲಿ ಬಹಳ ಜನರದ್ದು ಉಲ್ಬಣಿಸುತ್ತದೆ. ಎಲುಬಿಗೂ ಹೃದಯಕ್ಕೂ ಆಗುವ ನಷ್ಟ ಬೇರೆ.

ನಮ್ಮ ಜಿಲ್ಲೆಗಳ ಹಳ್ಳಿಗಳಲ್ಲಿ ಮಕ್ಕಳಾದ ಮೇಲೆ ಆ ಚೀಲದಿಂದ ಏನು ಉಪಯೋಗ, ಇದ್ದರೆ ಕ್ಯಾನ್ಸರ್ ಆಗುತ್ತದೆ ಎಂಬ ಹೆದರಿಕೆಯನ್ನು ಬಿತ್ತಿ 35, 38ರ ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿದ್ದನ್ನು ನಾನು ನೋಡುತ್ತ ಬಂದಿದ್ದೇನೆ. ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು, ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಯಾರಾದರೂ ತೆಗೆಸಿ ಎಂದರೆ ಏಕೆ, ಅಂಡಾಶಯ ಉಳಿಸುತ್ತೀರಾ, ಬೇರೆ ದಾರಿ ಏನಿದೆ ಎಂದು ಕೇಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಪಡೆಯಿರಿ.

ಅತಿಯಾದ ರಕ್ತಸ್ರಾವವಿದ್ದರೆ ಅದಕ್ಕೆ ಚಿಕಿತ್ಸೆ ಬೇಕೇ ಬೇಕು, ಏಕೆಂದರೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಇಳಿದ ರಕ್ತಹೀನತೆಯೂ ತಲೆನೋವು ತರುತ್ತದೆ. ಕಬ್ಬಿಣದ ಗುಳಿಗೆ, ಸ್ರಾವದ ದಿನಗಳಲ್ಲಿ ಟ್ರನೆಕ್ಸಾಮಿಕ್ ಆ್ಯಸಿಡ್, ಗರ್ಭಚೀಲದೊಳಗೆ ಕೂರಿಸುವ ಹಾರ್ಮೋನ್ ವಂಕಿ ಇವೆಲ್ಲ ಕತ್ತರಿಗೆ ಮುಂಚಿನ ಮೆಟ್ಟಿಲುಗಳು.

ನಂದು ಆಗ್ಲೇ ತಗದಾರ, ಎರಡೂ ಅಂಡಾಶಯ ಸೈತ. ಈಗ ಏನ್ ಮಾಡ್ಲಿ?

ಆಪರೇಶನ್ನಿನ ಕಾಗದವನ್ನು ಹುಡುಕಿ ತನ್ನಿ. ಏನನ್ನು ತೆಗೆದಿದ್ದಾರೆಂಬುದು ಅದರಲ್ಲಿರುತ್ತದೆ, ಮತ್ತು ಬಹಳ ಜನರಿಗೆ ಅದು ಗೊತ್ತಿರುವುದೇ ಇಲ್ಲ. 45ರೊಳಗೆ ಎರಡೂ ಅಂಡಾಶಯ ಹೋಗಿದ್ದರೆ, ಸ್ತನ ಕ್ಯಾನ್ಸರಿನಂಥ ಅಡ್ಡಿಯಿಲ್ಲದ ಪಕ್ಷದಲ್ಲಿ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ ಈಸ್ಟ್ರೊಜೆನ್ ಕೊಡುವುದು ಸರಿಯಾದ ಚಿಕಿತ್ಸೆ. ಗರ್ಭಚೀಲ ಇಲ್ಲದ್ದರಿಂದ ಸಾಮಾನ್ಯವಾಗಿ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನನ್ನು ಸೇರಿಸುವ ಅಗತ್ಯವಿರುವುದಿಲ್ಲ.

ಮೈಗ್ರೇನ್ ಇರುವವರು ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳಬಹುದೇ?

ಮೈ ಕಾಯುವಿಕೆ, ನಿದ್ದೆಗೇಡಿನಂಥ ತೊಂದರೆ ಹೆಚ್ಚಿದ್ದರೆ ತೆಗೆದುಕೊಳ್ಳಬಹುದು. ತಲೆನೋವೊಂದಕ್ಕೇ ಅದನ್ನು ಕೊಡುವುದಿಲ್ಲ. ನುಂಗುವ ಗುಳಿಗೆಗಿಂತ ಚರ್ಮದ ಮೇಲೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪಟ್ಟಿ ಮೇಲು, ಏಕೆಂದರೆ ಈಸ್ಟ್ರೊಜೆನ್ ಮಟ್ಟ ಸಮನಾಗಿರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಗುಳಿಗೆಗಿಂತ ಕಡಿಮೆ. ಅತಿ ಕಡಿಮೆ ಪ್ರಮಾಣದಿಂದ ಶುರುಮಾಡಿ ಕ್ಯಾಲೆಂಡರ್ ನೋಡುತ್ತ ಏರಿಸಬೇಕು. ಗರ್ಭಚೀಲ ಇರುವವರಿಗೆ ಪ್ರೊಜೆಸ್ಟೆರಾನ್ ಜೊತೆಗಿರಲೇಬೇಕು. ತಿಂಗಳಲ್ಲಿ ಕೆಲವು ದಿನ ಕೊಟ್ಟು ನಿಲ್ಲಿಸುವ ಬದಲು ದಿನಾ ಕೊಟ್ಟರೆ ತಲೆನೋವು ಕಡಿಮೆ. ಸ್ತನ ಕ್ಯಾನ್ಸರ್, ಕಾರಣ ತಿಳಿಯದ ರಕ್ತಸ್ರಾವ, ಯಕೃತ್ತಿನ ಕಾಯಿಲೆ ಇರುವವರಿಗೆ ಇದು ಬೇಡ. ಹಿಂದೆ ರಕ್ತ ಹೆಪ್ಪುಗಟ್ಟಿದವರ ವಿಷಯವನ್ನು ತಜ್ಞರೇ ತೀರ್ಮಾನಿಸಬೇಕು.

ನೋವಿಗೆ ಮುಂಚೆ ಕಣ್ಣಮುಂದೆ ಮಿಂಚಿನ ಗೆರೆ ಬರುತ್ತವೆ. ಅದಕ್ಕೇನಾದರೂ ಅರ್ಥವಿದೆಯೇ?

ಇದಕ್ಕೆ ಔರಾ ಎನ್ನುತ್ತಾರೆ. ಅಂಕುಡೊಂಕು ಗೆರೆ, ಹೊಳೆಯುವ ಚುಕ್ಕಿ ನಿಧಾನವಾಗಿ ಹರಡಿ, 5ರಿಂದ 60 ನಿಮಿಷದಲ್ಲಿ ಮಾಯವಾಗುತ್ತವೆ. ಔರಾ ಇರುವ ಹೆಂಗಸರಲ್ಲಿ ಪಾರ್ಶ್ವವಾಯುವಿನ ಅಪಾಯ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು. ಒಟ್ಟಾರೆ ಅಪಾಯ ಸಣ್ಣದೇ, ಆದರೆ ಬಿಪಿಯನ್ನು ಹತೋಟಿಯಲ್ಲಿಡಲು, ತಂಬಾಕು ಬಿಡಲು ಇದು ಸಾಕಷ್ಟು ಕಾರಣ.

ಅದಕ್ಕಿಂತ ಮುಖ್ಯವಾಗಿ, ಔರಾ ಇರುವವರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ನುಂಗಬಾರದು. ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಇಂಥದ್ದೇ. 40ರ ನಂತರ ಮುಟ್ಟು ಸರಿಪಡಿಸಲೆಂದೂ ಈ ಬಗೆಯ ಗುಳಿಗೆ ಬರೆಯುವುದುಂಟು. ಅಲ್ಲೇ ಸಿಗುವ ಛಾಯಾ ಗುಳಿಗೆಯಲ್ಲಿ ಈಸ್ಟ್ರೊಜೆನ್ ಇಲ್ಲ. ಋತುಬಂಧದ ಹಾರ್ಮೋನ್ ಚಿಕಿತ್ಸೆಯ ಪ್ರಮಾಣ ಇದಕ್ಕಿಂತ ಬಹಳ ಕಡಿಮೆಯಾದ್ದರಿಂದ ಔರಾ ಇದ್ದವರಿಗೂ ಜೆಲ್ ಅಥವಾ ಪಟ್ಟಿ ಕೊಡಬಹುದು. ಶುರುಮಾಡಿದ ಮೇಲೆ ಹೊಸದಾಗಿ ಔರಾ ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

## ಅಪಾಯ, ಪರೀಕ್ಷೆ, ಅನುಮಾನ

ಯಾವ ತಲೆನೋವಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು?

ಸಿಡಿಲು ಬಡಿದಂತೆ ಒಂದು ನಿಮಿಷದೊಳಗೆ ಪರಮಾವಧಿಗೇರಿದ ನೋವು. ಬಾಯಿ ಸೊಟ್ಟಗಾಗುವುದು, ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಹೋಗುವುದು. ಜ್ವರದೊಡನೆ ಕತ್ತು ಸೆಟೆದುಕೊಳ್ಳುವುದು. ಬಿದ್ದು ತಲೆಗೆ ಪೆಟ್ಟಾದ ನಂತರದ ನೋವು. ಮೂರ್ಛೆ, ಗೊಂದಲ. ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಉಂಗುರ ಕಂಡು, ವಾಂತಿಯಾಗುವುದು. ಇದು ಕಣ್ಣಿನೊತ್ತಡ ದಿಢೀರನೆ ಏರಿದ ಗುರುತಾಗಿರಬಹುದು, ಪಿತ್ತವೆಂದು ಕೂತರೆ ಕಣ್ಣು ಹೋಗುತ್ತದೆ. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ.

50 ದಾಟಿದ ಮೇಲೆ ಮೊದಲ ಬಾರಿ ತಲೆನೋವು ಶುರುವಾಗಿದೆ. ಇದೂ ಋತುಬಂಧದ್ದೇ?

ಹಾಗೆಂದು ನೀವೇ ತೀರ್ಮಾನಿಸಬೇಡಿ. ಮೈಗ್ರೇನ್ 50ರ ನಂತರ ಹೊಸದಾಗಿ ಹುಟ್ಟುವುದು ಕಡಿಮೆ. ಕೆಮ್ಮಿದಾಗ, ಬಗ್ಗಿದಾಗ ಹೆಚ್ಚುವ, ದಿನದಿನಕ್ಕೆ ಬೆಳೆಯುವ ನೋವನ್ನು ಬೇಗ ಪರೀಕ್ಷಿಸಬೇಕು. ಹಿಂದೆ ಕ್ಯಾನ್ಸರ್ ಆದವರು ಇನ್ನೂ ಬೇಗ. ತಲೆ ಬಾಚುವಾಗ ಕಪಾಲ ಮುಟ್ಟಗೊಡದ, ರೊಟ್ಟಿ ಅಗಿಯುವಾಗ ದವಡೆ ಸೋಲುವ ನೋವು ಕಪಾಲದ ರಕ್ತನಾಳದ ಉರಿಯೂತವಿರಬಹುದು. ನಮ್ಮಲ್ಲಿ ಅದು ವಿರಳ, 70ರ ನಂತರವೇ ಹೆಚ್ಚು, ಆದರೆ ಇಎಸ್‌ಆರ್ ಎಂಬ ಸಾದಾ ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ ಮತ್ತು ಬೇಗ ಸ್ಟೀರಾಯ್ಡ್ ಕೊಟ್ಟರೆ ದೃಷ್ಟಿ ಉಳಿಯುತ್ತದೆ.

ಬಿಪಿ ಏರಿದ್ದಕ್ಕ ತಲಿ ನೋಯತೈತಿ ಅಂದ್ರು.

ಸಾಮಾನ್ಯವಾಗಿ ಬಿಪಿ 180/120ರ ಆಸುಪಾಸಿಗೆ ಏರದ ಹೊರತು ತಲೆ ನೋಯಿಸುವುದಿಲ್ಲ. ನೋವಿನಿಂದಲೇ ಬಿಪಿ ಏರುವುದುಂಟು. ನೋವಿಲ್ಲದ ದಿನ ಮತ್ತೊಮ್ಮೆ ಅಳೆಸಿ. ತಲೆ ನೋಯದಿದ್ದರೆ ಬಿಪಿ ಇಲ್ಲವೆಂದು ಗುಳಿಗೆ ಬಿಡುವುದು ಇದಕ್ಕಿಂತ ದೊಡ್ಡ ತಪ್ಪು.

ಎಂಆರ್‌ಐ ಮಾಡ್ಸಿದ್ವಿ. ಮೆದುಳಿನ್ಯಾಗ ಬಿಳಿ ಚುಕ್ಕಿ ಅದಾವ ಅಂತ ಬರದಾರ. ನಿದ್ದಿ ಹತ್ತವಲ್ದು.

ಮೈಗ್ರೇನ್ ಇರುವವರಲ್ಲಿ, ಬಿಪಿ ಇರುವವರಲ್ಲಿ, ವಯಸ್ಸಾದಂತೆ ಯಾರಲ್ಲಾದರೂ ಇಂಥ ಸಣ್ಣ ಚುಕ್ಕಿಗಳು ಕಾಣುವುದು ಸಾಮಾನ್ಯ. ಅವು ಗಡ್ಡೆಗಳಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಂಡರೆ ಬಹುಮಟ್ಟಿಗೆ ಸಾಕು. ಚುಕ್ಕಿಗಳ ಪ್ರಮಾಣ ಅಥವಾ ಜಾಗ ಬೇರೆಯಿದ್ದರೆ ನರರೋಗ ತಜ್ಞರು ಹೇಳುತ್ತಾರೆ. ಹಳೆಯ ಮಾದರಿಯ ಮೈಗ್ರೇನ್ ಇದ್ದು ನರಗಳ ಪರೀಕ್ಷೆ ಸರಿಯಿದ್ದವರಿಗೆ ಸ್ಕ್ಯಾನ್ ಬೇಕಾಗುವುದೇ ಇಲ್ಲ.

ಎಲ್ಲಾ ಟೆಸ್ಟ್ ನಾರ್ಮಲ್. ಮನ್ಯಾಗ ಸೋಗು ಮಾಡ್ತಾಳ ಅಂತಾರ.

ಮೈಗ್ರೇನ್ ಯಾವ ಟೆಸ್ಟಿನಲ್ಲೂ ಕಾಣುವುದಿಲ್ಲ. ರೋಗಿಯ ಮಾತೇ ಅದರ ಪುರಾವೆ. ಸೋಗು ಎನ್ನುವವರಿಗೆ ಮೂರು ತಿಂಗಳ ಕ್ಯಾಲೆಂಡರ್ ತೋರಿಸಿ ಎಂದು ನಾನು ಹೇಳುತ್ತೇನೆ, ಸಾಧ್ಯವಾದರೆ ಗಂಡನನ್ನೂ ಮಗನನ್ನೂ ಒಳಗೆ ಕರೆದು ನಾನೇ ವಿವರಿಸುತ್ತೇನೆ. ಋತುಬಂಧದ ಕಾಲದಲ್ಲಿ ಖಿನ್ನತೆ, ಆತಂಕ ಹೆಚ್ಚಾಗುವುದು ನಿಜ, ಅವು ತಲೆನೋವನ್ನು ಹೆಚ್ಚಿಸುವುದೂ ನಿಜ, ಹಾಗೆಂದು ನೋವು ಸುಳ್ಳಾಗುವುದಿಲ್ಲ. ಎರಡಕ್ಕೂ ಚಿಕಿತ್ಸೆ ಬೇಕು. ಯಾರೊಡನೆಯೂ ಮಾತಾಡಲಾಗದ ಹೊತ್ತಿನಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಪುಕ್ಕಟೆಯಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲಿಗೆ ಯಾರಿಗೆ ತೋರಿಸಬೇಕು, ಏನು ಒಯ್ಯಬೇಕು?

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದಲೇ ಶುರುಮಾಡಿ. ಬಿಪಿ, ಹಿಮೋಗ್ಲೋಬಿನ್, ಸಕ್ಕರೆ ಅಲ್ಲೇ ಆಗುತ್ತವೆ. ಮುಟ್ಟಿನ ಏರುಪೇರು, ಮೈ ಕಾಯುವಿಕೆ ಜೊತೆಗಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗ. ಔರಾ ಬದಲಾಗಿದ್ದರೆ, ಎರಡು ಬಗೆಯ ತಡೆ ಔಷಧ ನಾಟದಿದ್ದರೆ ನರರೋಗ ತಜ್ಞರು. ಬೆಳಗಾವಿಯ ಬಿಮ್ಸ್‌ನಂತೆ ಬಾಗಲಕೋಟೆ, ವಿಜಯಪುರಗಳಲ್ಲೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿರುವುದರಿಂದ ಇದಕ್ಕಾಗಿ ಬೆಂಗಳೂರಿನ ರೈಲು ಹತ್ತುವ ಅಗತ್ಯ ಬಹಳ ಜನರಿಗೆ ಬೀಳುವುದಿಲ್ಲ. ಹೋಗುವಾಗ ಗೋಡೆಯ ಕ್ಯಾಲೆಂಡರಿನ ಹಾಳೆಗಳು, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಖಾಲಿ ಸ್ಟ್ರಿಪ್ಪುಗಳು, ಆಪರೇಶನ್ ಆಗಿದ್ದರೆ ಅದರ ಕಾಗದ ಕೈಯಲ್ಲಿರಲಿ. ತಲೆನೋವಿನ ಮಾತನ್ನು ಒಳಗೆ ಕೂತ ಕೂಡಲೇ, ಮೊದಲಿಗೇ ಹೇಳಿ.